ಭಾನುವಾರ ಕದ್ರಿ ಪಾರ್ಕಿಗೆ ಬರುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4 ಗಂಟೆಗೆ ಕದ್ರಿ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ನಮ್ಮ ಮನೆಯ ಜಗಲಿ ಇದೆ, ಚಹಾ ನನ್ನದು.

ವಿಷಯ ಒಂದೇ. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆಗಳ (ಆಟೋಇಮ್ಯೂನ್ ಕಾಯಿಲೆಗಳ) ಬಗ್ಗೆ ನಮ್ಮ ದೇಶದಲ್ಲಿ ಮೊದಲು ಯಾವ ಸಂಶೋಧನೆ ಆಗಬೇಕು? ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ಗೆ ಒಂದು ಪತ್ರ ಬರೆಯುವ ಯೋಚನೆ ಇದೆ.

ರುಮಟಾಯ್ಡ್ ಆರ್ಥ್ರೈಟಿಸ್ (ಗಂಟುಗಳ ಉರಿಯೂತ), ಲೂಪಸ್, ಟೈಪ್ 1 ಡಯಾಬಿಟಿಸ್ ಅಂತ ಇವು 80ಕ್ಕೂ ಜಾಸ್ತಿ ಇವೆ. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರು. ಒಟ್ಟು ಲೆಕ್ಕ ಇಡುವವರು ಯಾರು? ಅಮೆರಿಕದಲ್ಲೂ ಇದೇ ಗೋಳು. ಅಲ್ಲಿ 2000ದ ಕಾನೂನಿನಲ್ಲಿ ಈ ಕಾಯಿಲೆಗಳ ಸಂಶೋಧನೆಯನ್ನು ಒಟ್ಟುಗೂಡಿಸುವ ಸಮಿತಿಗೆ ಅವಕಾಶ ಆಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಒಳಗೆ ಇದಕ್ಕೇ ಒಂದು ಕಚೇರಿ ಬರುವಾಗ 2023! ನಾವು ಅಷ್ಟು ಕಾಯುವುದು ಬೇಡ ಅಲ್ವಾ?

ನನ್ನ ಮಟ್ಟಿಗೆ ಮೊದಲು ಬೇಕಾದದ್ದು ರೋಗಿಗಳ ದಾಖಲೆ. ಆಮೇಲೆ, ಬೇಗ ಪತ್ತೆ ಮಾಡುವ ದಾರಿ. ನನ್ನ ಗಂಟು ನೋವನ್ನು ಚಿಕುನ್‌ಗುನ್ಯಾ ಬಿಟ್ಟುಹೋದದ್ದು ಎಂದೇ ಮೂರು ವರ್ಷ ಮದ್ದು ಕೊಟ್ಟರು. ರುಮಟಾಯ್ಡ್ ನೋವು, ಚಿಕುನ್‌ಗುನ್ಯಾ ನೋವು ಎರಡೂ ಒಂದೇ ಥರ ಕಾಣುತ್ತವೆ, ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕರಾವಳಿಯಲ್ಲಿ ಇವೆರಡನ್ನು ಬೇಗ ಬೇರೆ ಮಾಡುವುದು ಹೇಗೆ ಎಂಬುದೇ ಒಳ್ಳೆ ಸಂಶೋಧನೆ. ಹೆಂಗಸರಿಗೇ ಯಾಕೆ ಜಾಸ್ತಿ ಎಂಬುದೂ ಪತ್ರದಲ್ಲಿ ಇರಲಿ.

ಒಬ್ಬೊಬ್ಬರು ಒಂದೇ ಪ್ರಶ್ನೆ ತನ್ನಿ. ಬರೆಯಲು ಉದಾಸೀನ ಆದವರು ಇಲ್ಲೇ ವಾಯ್ಸ್ ಮೆಸೇಜ್ ಹಾಕಿ, ತುಳುವಾದರೂ ಅಡ್ಡಿಯಿಲ್ಲ. ಯಾರ ಮದ್ದು ಒಳ್ಳೆಯದು ಎಂಬ ಚರ್ಚೆ ಮಾತ್ರ ಬೇಡ ಮಾರಾಯ್ರೆ, ಕಳೆದ ಸಲ ಅದರಲ್ಲೇ ಕತ್ತಲಾಯಿತು.