ಯಾಂಗ್ಟ್ಸಿ ಕ್ರೂಸ್ ಬಗ್ಗೆ ಬರೆಯೋವಾಗ ಮುಳುಗಿದ ಊರುಗಳ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪ್ರವಾಸ ಪುಟದಲ್ಲಿ ಚೀನಾದ ಯಾಂಗ್ಟ್ಸಿ ನದಿ ಕ್ರೂಸ್ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ವು, ಹಡಗಿನ ರೂಮು, ಬಾಲ್ಕನಿ, ಊಟ ಎಲ್ಲಾದ್ರ ಬಗ್ಗೆನೂ ಇತ್ತು, ಆದ್ರೆ ತ್ರೀ ಗಾರ್ಜಸ್ ಡ್ಯಾಂ ಕಟ್ಟಿ ನಿಲ್ಲಿಸಿದ ಆ ನೀರಿನ ಕೆಳಗೆ ಏನಿದೆ ಅನ್ನೋದರ ಬಗ್ಗೆ ಒಂದೇ ಒಂದು ಸಾಲೂ ಇರ್ಲಿಲ್ಲ. ನಾನು, ನಮ್ಮ ಮನೆಯವರು ಇಬ್ರೂ ಆ ಕ್ರೂಸ್ ಮಾಡಿ ಬಂದವರು, ಮೇಲಾಗಿ ನಮ್ದು ಸಾಗರ ತಾಲ್ಲೂಕು, ಲಿಂಗನಮಕ್ಕಿ ಹಿನ್ನೀರಿನ ಕಡೆಯವರು, ಮುಳುಗಡೆ ಅಂದ್ರೇನು ಅಂತ ಹಿರಿಯರ ಬಾಯಲ್ಲಿ ಕೇಳ್ತಾನೇ ಬೆಳೆದವರು, ಹಾಗಾಗಿ ಓದಿ ತುಂಬಾ ಬೇಜಾರಾಯ್ತು. 2025ರಲ್ಲಿ ಚೀನಾಗೆ ನೇರ ವಿಮಾನ ಮತ್ತೆ ಶುರುವಾಗಿದೆ, ಇನ್ಮೇಲೆ ನಮ್ಮವರು ಎಷ್ಟೋ ಜನ ಹೋಗ್ತಾರೆ, ಅವರಿಗೆ ಗೊತ್ತಿರ್ಲಿ ಅಂತ ಬರೀತಾ ಇದೀನಿ.

ಜಾಗ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಚೋಂಗ್‌ಚಿಂಗ್‌ನಲ್ಲಿ ಹತ್ತಿದ್ರೆ ಯಿಚಾಂಗ್ ಕಡೆ ಇಳಿಯೋದು, ಸಾಮಾನ್ಯವಾಗಿ ಮೂರು ರಾತ್ರಿ ನಾಲ್ಕು ದಿನ, ದಾರಿಯಲ್ಲಿ ಮೂರು ಕಮರಿ: ಚ್ಯುಟಾಂಗ್, ವೂ, ಶಿಲಿಂಗ್. ಚ್ಯುಟಾಂಗ್ ಬರೀ 8 ಕಿಲೋಮೀಟರ್, ಮೂರರಲ್ಲಿ ಚಿಕ್ಕದು, ಆದ್ರೆ ನಂಗೆ ಮನಸ್ಸಲ್ಲಿ ನಿಂತಿದ್ದು ಅದೇ. ಎರಡೂ ಕಡೆ ಬಂಡೆ ನೆಟ್ಟಗೆ ಎದ್ದು ನಿಂತಿರತ್ತೆ, ಅಷ್ಟು ದೊಡ್ಡ ನದಿ ಆ ಸಂದಿಯಲ್ಲಿ ನುಗ್ಗಿ ಹೋಗ್ಬೇಕು. ಅದರ ಬಾಗಿಲು ಕುಯ್‌ಮೆನ್ ಚೀನಾದ 10 ಯುವಾನ್ ನೋಟಿನ ಹಿಂಭಾಗದಲ್ಲಿದೆ, ಹಡಗು ಅಲ್ಲಿಗೆ ಬಂದ ಕೂಡ್ಲೇ ಡೆಕ್ ಮೇಲಿದ್ದೋರೆಲ್ಲಾ ಜೇಬಿಂದ ನೋಟು ತೆಗೆದು ಬೆಟ್ಟಕ್ಕೆ ಹಿಡಿದು ಫೋಟೋ ತೆಗೆಯೋಕೆ ಶುರು ಮಾಡಿದ್ರು. ಡ್ಯಾಂ ಕಟ್ಟಿದ ಮೇಲೆ ಕಮರಿಗಳೆಲ್ಲಾ ಹಾಳಾಗೋದ್ವು, ನೋಡೋಕೆ ಏನೂ ಉಳಿದಿಲ್ಲ ಅಂತ ಕೆಲವರು ಹೇಳ್ತಾರಲ್ಲ, ಅದು ಸುಳ್ಳು. ನೀರು ಏರಿರೋದು ಡ್ಯಾಂ ಹತ್ರ ಸುಮಾರು ನೂರು ಮೀಟರ್ ಇರಬಹುದು, ಮೇಲಕ್ಕೆ ಹೋದ ಹಾಗೆ ಇನ್ನೂ ಕಮ್ಮಿ, ಆ ಬೆಟ್ಟಗಳ ಎತ್ತರದ ಮುಂದೆ ಅದು ಗೊತ್ತೇ ಆಗಲ್ಲ. ಹೋಗೋದಾದ್ರೆ ನವೆಂಬರ್ ಹೊತ್ತಿಗೆ ಹೋಗಿ, ವೂಶಾನ್ ಬೆಟ್ಟಗಳಲ್ಲಿ ಎಲೆ ಕೆಂಪಾಗಿರತ್ತೆ.

ಹಾಳಾಗಿದ್ದು ಬೆಟ್ಟ ಅಲ್ಲ ಸರ್, ಹೊಳೆದಂಡೆ. 1994ರಲ್ಲಿ ಕೆಲಸ ಶುರುವಾಗಿ 2003ರ ಜೂನ್‌ನಲ್ಲಿ ನೀರು ನಿಲ್ಲಿಸಿದ್ರು, 2010ಕ್ಕೆ ಪೂರ್ತಿ 175 ಮೀಟರ್ ಮಟ್ಟ ಮುಟ್ಟಿತು. 12 ಲಕ್ಷಕ್ಕೂ ಹೆಚ್ಚು ಜನ ಎದ್ದು ಹೋದ್ರು. ನದಿ ದಂಡೆ ಮೇಲೆ ನೂರಾರು ವರ್ಷದಿಂದ ಇದ್ದ ಪೇಟೆಗಳು, ದೇವಸ್ಥಾನ, ಗದ್ದೆ, ಸಮಾಧಿ, ಎಲ್ಲಾ ಕೆಳಗೆ. ಹಳೇ ಫೆಂಗ್‌ಜಿಯೆ ಅಂತ ಊರು ಚ್ಯುಟಾಂಗ್ ಬಾಗಿಲಲ್ಲೇ ಇತ್ತು, ನೀರು ಬರೋಕೆ ಮುಂಚೆ ಅದನ್ನ ಕೆಡವಿ ಹಾಕಿದ್ರು, ಪಕ್ಕದ ಬೈಡಿಚೆಂಗ್ ಗುಡ್ಡ ಈಗ ದ್ವೀಪ. ಕೆಲವರಿಗೆ ಅಲ್ಲೇ ಗುಡ್ಡದ ಮೇಲೆ ಹೊಸ ಊರು ಕಟ್ಟಿಕೊಟ್ರು, ಇನ್ನು ಕೆಲವರನ್ನ ಶಾಂಘೈ, ಗುವಾಂಗ್‌ಡಾಂಗ್ ಅಷ್ಟು ದೂರಕ್ಕೆ ಕಳಿಸಿದ್ರು.

ವೂಶಾನ್‌ನಲ್ಲಿ ದೊಡ್ಡ ಹಡಗಿಂದ ಇಳಿಸಿ ಸಣ್ಣ ಬೋಟಲ್ಲಿ ದಾನಿಂಗ್ ಹೊಳೆಗೆ ಕರ್ಕೊಂಡು ಹೋಗ್ತಾರೆ. ಹಿಂದೆ ಅಲ್ಲಿ ನೀರು ಆಳ ಇರ್ಲಿಲ್ಲ, ಸೆಳವು ಜಾಸ್ತಿ, ಮರದ ದೋಣಿಯನ್ನ ಗಳ ಹಾಕಿ ತಳ್ಳಿಕೊಂಡು ಹೋಗ್ತಿದ್ರಂತೆ, ಈಗ ಕೆರೆ ತರ ನಿಂತ ನೀರು. ನಮ್ಮ ಬೋಟಿನ ಗೈಡ್ ಆ ಊರಿನವರೇ, ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮೈಕಲ್ಲಿ ಬಂಡೆಗಳ ಹೆಸರು ಹೇಳ್ತಾ ಹೇಳ್ತಾ ಒಂದು ಕಡೆ ಕೆಳಗೆ ಕೈ ತೋರಿಸಿ ನಮ್ಮನೆ ಇಲ್ಲಿತ್ತು ಅಂದ್ರು, ಅಂದು ಮುಂದಿನ ಬಂಡೆಗೆ ಹೋದ್ರು. ನಂಗೆ ತಡೆಯೋಕಾಗ್ಲಿಲ್ಲ, ಆಮೇಲೆ ಹೋಗಿ ಕೇಳ್ದೆ, ಜಮೀನಿಗೆ ಬದಲು ಏನು ಕೊಟ್ರಮ್ಮ ಅಂತ. ಗುಡ್ಡದ ಮೇಲೆ ಹೊಸ ಊರಲ್ಲಿ ಫ್ಲಾಟ್ ಬಂತು, ಕಿತ್ತಲೆ ತೋಟ ಬರ್ಲಿಲ್ಲ, ಅಪ್ಪ ಆಮೇಲೆ ಕೆಲಸ ಅಂತ ಏನೂ ಮಾಡ್ಲೇ ಇಲ್ಲ ಅಂದ್ರು. ಶರಾವತಿ ಮುಳುಗಡೆಯಲ್ಲಿ ಭತ್ತದ ಗದ್ದೆ, ಅಡಿಕೆ ತೋಟ ಬಿಟ್ಟು ಲಾರಿ ಹತ್ತಿದ ನಮ್ಮ ಹಿರಿಯರ ಕಥೇನೂ ಹೆಚ್ಚುಕಮ್ಮಿ ಇದೇ, 1964ರ ಡ್ಯಾಂಗೆ ಇವತ್ತಿಗೂ ಎಷ್ಟೋ ಸಂತ್ರಸ್ತರಿಗೆ ಹಕ್ಕುಪತ್ರ ಸಿಕ್ಕಿಲ್ಲ.

ಇನ್ನೊಂದು ಗಮನಿಸಿ. ಕಮರಿ ಉದ್ದಕ್ಕೂ ದಂಡೆ ಮೇಲೆ 175 ಅಂತ ಬರೆದ ಬೋರ್ಡ್ ಕಾಣ್ತವೆ, ಜಲಾಶಯದ ಪೂರ್ಣ ಮಟ್ಟ ಅದು. ಅಲ್ಲಿ ನಮ್ಮ ಹಾಗಲ್ಲ, ಪ್ರವಾಹ ತಡೆಯೋಕೆ ಜಾಗ ಇರ್ಲಿ ಅಂತ ಮಳೆಗಾಲಕ್ಕೆ ಮುಂಚೆ ನೀರು ಬಿಟ್ಟು 145ಕ್ಕೆ ಇಳಿಸ್ತಾರೆ, ಮಳೆ ಮುಗಿಯೋ ಹೊತ್ತಿಗೆ ಮತ್ತೆ ತುಂಬಿಸ್ತಾರೆ. ಅಲ್ಲಿನ ಬೇಸಿಗೆಯಲ್ಲಿ, ಅಂದ್ರೆ ಜೂನ್‌ನಿಂದ ಆಗಸ್ಟ್ ಹೊತ್ತಿಗೆ, ಹೋದೋರಿಗೆ ಆ 30 ಮೀಟರ್ ಬೋಳು ಪಟ್ಟಿ ಎರಡೂ ದಂಡೆಗೆ ಕಾಣತ್ತೆ, ಹುಲ್ಲೂ ಸರಿಯಾಗಿ ಬೆಳೆಯಲ್ಲ. ನಮ್ಮ ಹಿನ್ನೀರಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಕೆಂಪು ಮಣ್ಣು, ಒಣಗಿದ ಮರದ ಬೊಡ್ಡೆ ಎದ್ದು ಕಾಣೋದನ್ನ ನೋಡಿದವರಿಗೆ ಅದು ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಡ್ಯಾಂ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಯಾಂಗ್ಟ್ಸಿ ಪ್ರವಾಹದಲ್ಲಿ 1931, 1954, 1998ರಲ್ಲಿ ಸಾವಿರಾರು ಜನ ಸತ್ತಿದ್ದು ನಿಜ, 22,500 ಮೆಗಾವ್ಯಾಟ್ ಕರೆಂಟ್ ಬರೋದೂ ನಿಜ, ನಮ್ಮ ಶರಾವತಿ ವಿದ್ಯುದಾಗಾರದ್ದು 1,035. ಆದ್ರೆ ಚೀನಾದಲ್ಲೇ ಇದಕ್ಕೆ ಒಮ್ಮತ ಇರ್ಲಿಲ್ಲ ಅನ್ನೋದೂ ಅಷ್ಟೇ ನಿಜ. 1992ರಲ್ಲಿ ಅವರ ಸಂಸತ್ತಲ್ಲಿ ಮತಕ್ಕೆ ಹಾಕಿದಾಗ 1,767 ಜನ ಪರ, 177 ಜನ ವಿರುದ್ಧ, 664 ಜನ ಯಾರ ಕಡೆಗೂ ಹಾಕದೇ ಕೂತ್ರು. ಎಲ್ಲದಕ್ಕೂ ಕೈ ಎತ್ತೋ ಸಭೆ ಅಂತ ಹೆಸರಾದ ಕಡೆ ಇದು ಸಣ್ಣ ವಿಷಯ ಅಲ್ಲ.

ಹೋಗೋರಿಗೆ ಎರಡು ಮಾತು. ಬುಕ್ ಮಾಡೋ ಮುಂಚೆ ಹಡಗು ಐದು ಹಂತದ ಲಾಕ್ (ಗೇಟು ಮುಚ್ಚಿ ನೀರು ಏರಿಸಿ ಇಳಿಸಿ ಹಡಗನ್ನ ಡ್ಯಾಂ ದಾಟಿಸೋ ತೊಟ್ಟಿಗಳು) ದಾಟತ್ತಾ ಅಂತ ಕೇಳಿ, ಕೆಲವು ಹಡಗುಗಳು ಡ್ಯಾಂಗಿಂತ ಮೊದಲೇ ಮಾವ್‌ಪಿಂಗ್‌ನಲ್ಲಿ ಇಳಿಸಿ ಬಸ್ಸಲ್ಲಿ ಕರ್ಕೊಂಡು ಹೋಗ್ತವೆ. ಲಾಕ್ ದಾಟೋಕೆ ಮೂರು ನಾಲ್ಕು ಗಂಟೆ ಬೇಕು, ಎಷ್ಟೋ ಸಲ ರಾತ್ರಿ, ಆದ್ರೂ ನಿದ್ದೆ ಬಿಟ್ಟು ನೋಡಿ, ಹಿಂದಿನ ಗೇಟು ಮುಚ್ಚಿ ನೀರು ಇಳೀತಾ ಇದ್ದ ಹಾಗೆ ಒದ್ದೆ ಕಾಂಕ್ರೀಟ್ ಗೋಡೆ ಕೈಗೆ ಸಿಗೋ ಅಷ್ಟು ಹತ್ರದಲ್ಲಿ ಮೇಲಕ್ಕೆ ಏಳ್ತಾ ಹೋಗತ್ತೆ, ಹಗ್ಗ ಕಟ್ಟೋ ಗೂಟಗಳೂ ಹಡಗಿನ ಜೊತೆಗೇ ಕಿರ್ ಅಂತ ಕೆಳಗೆ ಇಳೀತವೆ.

ಎರಡನೇದು ಫೂಲಿಂಗ್. ಚೋಂಗ್‌ಚಿಂಗ್‌ನಿಂದ ಟ್ರೈನಲ್ಲಿ ಒಂದು ಗಂಟೆಯೂ ಇಲ್ಲ. ಅಲ್ಲಿ ನದಿ ಮಧ್ಯೆ ಬೈಹೆಲಿಯಾಂಗ್ ಅಂತ ಉದ್ದನೆ ಕಲ್ಲಿನ ದಿಣ್ಣೆ, ಚಳಿಗಾಲದಲ್ಲಿ ನೀರು ತೀರಾ ಇಳಿದಾಗ ಮಾತ್ರ ಮೇಲೆ ಬರ್ತಿತ್ತು, ಅದರ ಮೇಲೆ ಕೆತ್ತಿದ ಮೀನುಗಳ ಕಣ್ಣಿನ ಮಟ್ಟವೇ ನೀರಿನ ಅಳತೆ, ಸಾವಿರದ ಇನ್ನೂರು ವರ್ಷದಿಂದ ಜನ ನೀರು ಎಲ್ಲಿವರೆಗೆ ಇಳೀತು ಅಂತ ಕೆತ್ತಿಡ್ತಾ ಬಂದಿದ್ರು. ಕಲ್ಲು ಮೀನು ಕಂಡ್ರೆ ಬೆಳೆ ಚೆನ್ನಾಗಾಗತ್ತೆ ಅನ್ನೋ ನಂಬಿಕೆ ಅಲ್ಲಿತ್ತು. ಈಗ ಅದು ಯಾವತ್ತೂ ಮೇಲೆ ಬರಲ್ಲ, ಸುಮಾರು 40 ಮೀಟರ್ ಆಳದಲ್ಲಿದೆ, 2009ರಲ್ಲಿ ನೀರೊಳಗೇ ಮ್ಯೂಸಿಯಂ ಮಾಡಿದ್ದಾರೆ, ಎಸ್ಕಲೇಟರಲ್ಲಿ ಇಳಿದು ದುಂಡನೆ ಗಾಜಿನ ಕಿಟಕಿಯಿಂದ ನೋಡಬೇಕು, ನೀರು ಸ್ವಲ್ಪ ಹಸಿರು ಹಸಿರು, ಆದ್ರೂ ಅಕ್ಷರ ಕಾಣತ್ತೆ.

ನಮ್ಮ ಹಿನ್ನೀರಿಗೂ ಈಗ ಬೇಕಾದಷ್ಟು ಟೂರಿಸ್ಟ್ ಬರ್ತಾರೆ, ಕ್ಯಾಂಪಿಂಗ್, ಬೋಟಿಂಗ್ ಅಂತ ನಿಮ್ಮ ಪುಟದಲ್ಲೂ ಆಗಾಗ ಬರತ್ತೆ. ಮಳೆಗಾಲದಲ್ಲಿ ಲಿಂಗನಮಕ್ಕಿ 1819 ಅಡಿ ಅಂತ ದಿನಾ ಛಾಪಿಸ್ತೀರಿ. ಮುಂದಿನ ಸಲ ಯಾಂಗ್ಟ್ಸಿ ಬಗ್ಗೆ ಆಗ್ಲಿ ಶರಾವತಿ ಬಗ್ಗೆ ಆಗ್ಲಿ ಪ್ರವಾಸ ಲೇಖನ ಹಾಕೋವಾಗ ಮುಳುಗಿದ ಊರುಗಳ ಹೆಸರು ಇರೋ ಒಂದು ಮ್ಯಾಪನ್ನೂ ಪಕ್ಕದಲ್ಲಿ ಹಾಕಿ ಅಂತ ಕೇಳ್ಕೋತೀನಿ. ನಮ್ಮ ಕಡೆ ಹೆಸರುಗಳು ಬೇಕಿದ್ರೆ ಹೇಳೋಕೆ ನೆನಪಿರೋ ಹಿರಿಯರು ಇನ್ನೂ ಇದ್ದಾರೆ, ವರದಿಗಾರರನ್ನ ಕಳಿಸಿದ್ರೆ ನಾನೇ ಕರ್ಕೊಂಡು ಹೋಗ್ತೀನಿ.

ಇತಿ,
ನಿಮ್ಮ ಓದುಗ, ಸಾಗರ ತಾಲ್ಲೂಕು