ಸೀಟಿ ಹಿಡಿಯೋ ಮುಂಚೆ: ಮಗಳಿಗೊಂದು ಪತ್ರ

ಧಾರವಾಡ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲೆ ಆರಾಮ ಅದೀವಿ. ನಿನ್ನ ಮೊಣಕಾಲಿನ ಬಾವು ಇಳದೈತಿ ಅಂತ ನಿಮ್ಮವ್ವ ಹೇಳಿದಳು. ಅದರ ಜೋಡಿ ಇನ್ನೊಂದು ಸುದ್ದಿನೂ ಹೇಳಿದಳು: ರಗ್ಬಿ ರೆಫ್ರಿ ಕೋರ್ಸಿಗೆ ಹೆಸರು ಕೊಡಲೋ ಬ್ಯಾಡೋ ಅಂತ ಒದ್ದಾಡಾಕತ್ತೀಯಂತ. ಫೋನಿನಾಗ ನೀ ಎರಡು ಮಾತಿಗೇ "ಆತಪಾ, ಇಡತೀನಿ" ಅಂತೀ. ಅದಕ್ಕ ಬರದೇ ಬಿಡೂಣು ಅಂತ ಕುಂತೆ.

ನಿಮ್ಮ ಸೋದರಮಾವ ಆಗಲೇ ತೀರ್ಪು ಕೊಟ್ಟಾನ: "ಆಡಾಕ ಬರಲಾರದವರು ಸೀಟಿ ಊದತಾರ." ಅಂವ ಜನ್ಮದಾಗ ಆಡಿದ್ದು ಇಸ್ಪೀಟು ಒಂದ. ಆ ಮಾತಿಗೆ ನೀ ಮಾರಿ ಸಣ್ಣದು ಮಾಡ್ಕೊಬ್ಯಾಡ. ಐರ್ಲೆಂಡಿನ ಜಾಯ್ ನೆವಿಲ್ ಹೆಸರು ನನಗಿಂತ ನಿನಗ ಚೊಲೊ ಗೊತ್ತಿರಬೇಕು. ದೇಶದ ಪರವಾಗಿ 70 ಪಂದ್ಯ ಆಡಿದಾಕಿ. 2013ರಾಗ ಅವರ ಹೆಣ್ಣುಮಕ್ಕಳ ತಂಡ ಯುರೋಪಿನ ಆರು ದೇಶದ ಪಂದ್ಯಾವಳಿ ಸಿಕ್ಸ್ ನೇಶನ್ಸ್‌ನ ಐದಕ್ಕ ಐದೂ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಹೊಡದಾಗ ತಂಡದಾಗ ಇದ್ದಳು. ಅದೇ ವರ್ಷ ಆಟ ಬಿಟ್ಟಳು, ಆಮ್ಯಾಲ ಸೀಟಿ ಹಿಡಿದಳು. 2017ರಾಗ ಬೆಲ್‌ಫಾಸ್ಟಿನಾಗ ಮಹಿಳಾ ವಿಶ್ವಕಪ್ ಫೈನಲ್ ನಡದಾಗ ನ್ಯೂಜಿಲೆಂಡ್, ಇಂಗ್ಲೆಂಡ್ ನಡುವ ನಿಂತ ರೆಫ್ರಿ ಆಕಿನ. ಆ ವರ್ಷದ ರೆಫ್ರಿ ಅಂತ ಜಗತ್ತಿನ ರಗ್ಬಿ ನಡಸೂ ಸಂಸ್ಥೆ ವರ್ಲ್ಡ್ ರಗ್ಬಿಯ ಪ್ರಶಸ್ತಿನೂ ಬಂತು. 2023ರಾಗ ಗಂಡಸರ ವಿಶ್ವಕಪ್ಪಿನಾಗ ಟಿವಿ ನೋಡಿ ತೀರ್ಪಿಗೆ ನೆರವಾಗೂ ಅಧಿಕಾರಿ ಆದಳು; ಆ ಪಂದ್ಯಾವಳಿಯ ಅಧಿಕಾರಿಗಳ ಸಾಲಿನಾಗ ಕುಂತ ಮೊದಲ ಹೆಣ್ಣುಮಗಳು.

ರೊಕ್ಕಕ್ಕ ಆಡಿದ ಪ್ರೊಫೆಷನಲ್ ಬೇಕಂದ್ರ ನ್ಯೂಜಿಲೆಂಡಿನ ಗ್ಲೆನ್ ಜಾಕ್ಸನ್ ಅದಾನ. ಇಂಗ್ಲೆಂಡಿನ ಸಾರಾಸೆನ್ಸ್ ಕ್ಲಬ್ಬಿನಾಗ ಹತ್ತನೇ ನಂಬರಿನ ಅಂಗಿ, ಅಂದ್ರ ತಂಡದ ಆಟ ನಡಸೂ ಜಾಗಾದ ಅಂಗಿ, ಹಾಕಿದಾಂವ. 2010ರಾಗ ಆಟ ಬಿಟ್ಟ, 2015ರ ವಿಶ್ವಕಪ್ಪಿನಾಗ ಮೈದಾನದ ನಡುವ ಸೀಟಿ ಹಿಡಿದು ನಿಂತಿದ್ದ. ಇವರಿಗೆ ಆಡಾಕ ಬರತಿದ್ದಿಲ್ಲ ಅಂತ ಯಾರರ ಅಂದಾರೇನ?

ಆದ್ರ ತಂಗಿ, ಆಡಿದಾಕಿ ಅಂತ ಸೀಟಿ ತಾನ ಒಲಿಯೂದಿಲ್ಲ. ಸಾಲ್ಯಾಗ ಡ್ರಿಲ್ ಮಾಸ್ತರಾಗಿ ಕಬಡ್ಡಿ ಅಂಪೈರಿಂಗ್ ಮಾಡಿದ ನನಗ ಗೊತ್ತಿರೂದು ಇಷ್ಟು. ರೇಡರ್ ಒಳಗ ಬಂದಾಗ ನೋಡೂ ಮಂದಿ ಎಲ್ಲ ಅವನ ಕೈ ನೋಡತಾರ. ಅಂಪೈರ್ ನೋಡಬೇಕಾದ್ದು ಮೂಲ್ಯಾಗ ನಿಂತ ಹುಡುಗನ ಹಿಮ್ಮಡ. ರೇಡರನ್ನ ಹಿಡಿಯೂಕಿಂತ ಮೊದಲ ಅದು ಗೆರಿ ಹೊರಗ ನೆಲ ಮುಟ್ಟಿತು ಅಂದ್ರ ಅಂವ ಔಟ್, ಆಮ್ಯಾಲಿನ ಹಿಡಿತ ಎಷ್ಟೇ ಚಂದ ಇರಲಿ.

ನಿಮ್ಮ ಆಟದಾಗೂ ಇದೇ ಹಣೇಬರಹ. ಚೆಂಡು ಹಿಡದಾಕಿ ನೆಲಕ್ಕ ಬಿದ್ದ ಕೂಡಲೇ ಚೆಂಡು ಬಿಡಬೇಕು. ಕೆಡವಿದಾಕಿ ಕೈ ಬಿಟ್ಟು ಪಕ್ಕಕ್ಕ ಉರುಳಬೇಕು. ಆಮ್ಯಾಲ ಓಡಿ ಬಂದವರು ತಮ್ಮ ಕಡೆ ಹಿಂದಿನಿಂದ ಬರಬೇಕು, ಕಾಲ ಮ್ಯಾಲೆ ನಿಂತಿರಬೇಕು. ಕಣ್ಣು ಮುಚ್ಚಿ ತೆಗೆಯೂದರಾಗ ಎಲ್ಲಾ ಮುಗದಿರತೈತಿ. ಚೆಂಡು ಹೊರಗ ಹಾರಿತು ಅಂದ್ರ ಮಂದಿ ಕಣ್ಣು ಅದರ ಹಿಂದ ಓಡತಾವ. ಬಿದ್ದವರ ರಾಶಿಯೊಳಗ ಇನ್ನೂ ಜಗ್ಗಾಕತ್ತಿದ ಕೈ ಯಾರದು ಅಂತ ನೋಡೂದು ರೆಫ್ರಿ ಪಾಲಿಗೆ. ಇದರಾಗ ನಿನಗ ಒಂದು ಲಾಭ ಐತಿ. ನೀ ಫ್ಲ್ಯಾಂಕರ್, ಬಿದ್ದ ಚೆಂಡು ಕಸಗೊಳ್ಳೂದ ನಿನ್ನ ಕಸುಬು. ರೆಫ್ರಿಗೆ ಬೆನ್ನು ಮಾಡಿ, ಬಿದ್ದಲ್ಲೇ ಅರೆಗಳಿಗಿ ಹೆಚ್ಚಿಗೆ ಬಿದ್ದುಕೊಂಡು ಎದುರಾಳಿ ಚೆಂಡು ತಡ ಮಾಡೂ ಹಿಕಮತ್ತು ಹ್ಯಾಂಗ ಅಂತ ನಮ್ಮ ಅಂಗಳದಾಗ ದಿಂಬು ಹಾಕ್ಕೊಂಡು ನೀನ ತೋರಿಸಿದ್ದಿ. ಹಾವಿನ ಹೆಜ್ಜಿ ಹಾವಿಗೇ ಗೊತ್ತು.

ಕಷ್ಟ ಬರೂದು ಅಡ್ವಾಂಟೇಜ್ ಅನ್ನೂ ನಿಯಮದಾಗ. ತಪ್ಪು ಕಂಡರೂ ಕೂಡಲೇ ಊದಬಾರದು. ತಪ್ಪು ಮಾಡದ ತಂಡದ ಕಡೆ ಕೈ ಚಾಚಿ ಆಟ ಮುಂದ ನಡಿಯಾಕ ಬಿಡಬೇಕು, ಅವರಿಗೆ ಲಾಭ ಆಗದಿದ್ದರ ಹಿಂದ ಕರಿಬೇಕು. ಆಟಗಾರ್ತಿ ಜೀವಕ್ಕ ಇದು ಒಗ್ಗೂದು ತಡ ಅನಸತೈತಿ ನನಗ. ಮುಂದ ಏನಾಗತೈತಿ ಅಂತ ನಿನಗ ಮೊದಲ ಹೊಳಿತೈತಿ ನೋಡು, ಅದಕ್ಕ ಆಗೂಕಿಂತ ಮುಂಚೆನ ಸೀಟಿ ಬಾಯಿಗೆ ಹೋಗತೈತಿ. ನಿಮ್ಮಲ್ಲಿ ಒಂದು ರೀತಿ ನನಗ ಭಾಳ ಹಿಡಿಸೈತಿ: ರೆಫ್ರಿ ಆಟದ ನಡುವ "ಕೈ ತಗಿ", "ಹಿಂದ ಸರಿ" ಅಂತ ಮೊದಲ ಹೇಳತಾರ, ಕೇಳದಿದ್ದರ ಪೆನಾಲ್ಟಿ. ವಾದ ಏನಿದ್ದರೂ ಕ್ಯಾಪ್ಟನ್ ಬಂದು ಮಾತಾಡಬೇಕು. ನಮ್ಮ ಹಳ್ಳಿ ಕಬಡ್ಡಿಯಾಗ ಹದಿನಾಲ್ಕೂ ಮಂದಿ ಜೋಡಿ ಅವರ ಕಾಕಾಂದಿರೂ ಒಳಗ ಬರತಾರ.

ಕಾಲಿನ ಮಾತು. ತಂಡಕ್ಕ ಏಳು ಮಂದಿ ಆಡೂ ಸೆವೆನ್ಸ್ ರಗ್ಬಿಯಾಗ ಏಳೇಳು ನಿಮಿಷದ ಎರಡು ಪಾಳಿ ಅಂದ್ರ ಸಣ್ಣದು ಅನಸತೈತಿ, ಆದ್ರ ಅಷ್ಟು ದೊಡ್ಡ ಮೈದಾನದಾಗ ಹದಿನಾಲ್ಕು ಮಂದಿ ಹಿಂದ ನೀನೂ ಓಡಬೇಕು. ರೆಫ್ರಿಗೆ ಡಿಕ್ಕಿ ಇಲ್ಲ ಅನ್ನೂದು ಖರೆ, ಓಟ ಬಿಟ್ಟಿದ್ದಲ್ಲ. ಡಾಕ್ಟರು ಹೂಂ ಅಂದ ಮ್ಯಾಲೆ ಮುಂದಿನ ಮಾತು.

ಇನ್ನ ರೊಕ್ಕ. ಸೀಟಿ ಹಿಡದ ಕೂಡಲೇ ಹೊಟ್ಟಿ ತುಂಬತೈತಿ ಅನ್ನೂ ಭ್ರಮೆ ಬ್ಯಾಡ, ಬ್ಯಾಂಕ್ ಪರೀಕ್ಷೆ ಅಭ್ಯಾಸ ಬಿಡಬ್ಯಾಡ. ನಿಮ್ಮವ್ವಗ ನಾ ಒಪ್ಪಿಸಿದ್ದು ಇದೇ ಕರಾರಿನ ಮ್ಯಾಲೆ.

ಕೋರ್ಸಿನ ಫೀ ಎಷ್ಟು, ಯಾವ ತಾರೀಖಿನ ಒಳಗ ಕಟ್ಟಬೇಕು ತಿಳಸು. ತಮ್ಮನ ಕಡೆಯಿಂದ ಫೋನ್‌ಪೇ ಮಾಡಸತೀನಿ. ಅಲ್ಲೀತನಕ ನಿಯಮದ ಪುಸ್ತಕ ಓದಿ ಮುಗಸು. ವರ್ಲ್ಡ್ ರಗ್ಬಿಯವರು ಅದನ್ನ ಇಂಟರ್ನೆಟ್ಟಿನಾಗ ಪುಕ್ಕಟೆ ಇಟ್ಟಾರ.

ಇಂತಿ,
ನಿನ್ನ ಅಪ್ಪ