ಬೆಲೆಯಿಲ್ಲದ್ದು, ಬೆಲೆ ಕಟ್ಟಲಾಗದ್ದು

ಪ್ರೀತಿಯ ಮಗೂ,

ನಿನ್ನ ಅನುವಾದದ ಹಸ್ತಪ್ರತಿ ಬಂದು ಮೂರು ವಾರ ಆಯಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ. ‘ಇದಕ್ಕೆ ಏನಾದರೂ ಬೆಲೆ ಇದೆಯಾ ಹೇಳಿ, ಇಲ್ಲಾಂದ್ರೆ ಬಿಟ್ಟುಬಿಡ್ತೀನಿ’ ಅಂತ ಬರೆದಿದ್ದೀಯ. ಬಿಡಬೇಡ. ಯಾವ ಪ್ರಕಾಶಕರಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನ ಮಾತು 41ನೇ ಪುಟದ ಎರಡು ವಾಕ್ಯದ ಬಗ್ಗೆ.

ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳಿಗೆ ಒಂದು ಹಿತ್ತಾಳೆ ಉಂಗುರ ಸಿಗುತ್ತದೆ. ಮೂಲದಲ್ಲಿ ಅದು ಅಂಗಡಿಯವನಿಗೆ ವರ್ತ್‌ಲೆಸ್, ಹುಡುಗಿಗೆ ಪ್ರೈಸ್‌ಲೆಸ್. ನೀನು ಬರೆದಿದ್ದೀಯ: ‘ಉಂಗುರಕ್ಕೆ ಬೆಲೆ ಇರಲಿಲ್ಲ. ಆದರೆ ಅವಳಿಗೆ ಅದು ಬೆಲೆಯಿಲ್ಲದ್ದು.’ ಜೋರಾಗಿ ಓದಿ ನೋಡು ತಾಯಿ. ಎರಡು ಸಲವೂ ಉಂಗುರವನ್ನು ತಿಪ್ಪೆಗೆ ಎಸೆದ ಹಾಗಾಯಿತು ಅಲ್ವಾ?

ಇಂಗ್ಲಿಷಿನಲ್ಲಿ ‘ಲೆಸ್’ ಅಂದರೆ ಇಲ್ಲ ಅಂತ ನಿನಗೆ ಗೊತ್ತು. ಆದರೆ ಏನು ಇಲ್ಲ ಅಂತ ನೋಡಬೇಕು. ವರ್ತ್‌ಲೆಸ್ ಅಂದಾಗ ವಸ್ತುವಿನಲ್ಲೇ ಸತ್ವ ಇಲ್ಲ. ಪ್ರೈಸ್‌ಲೆಸ್ ಅಂದಾಗ ಕೊಡುವವನ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಇನ್‌ವ್ಯಾಲ್ಯುಯಬಲ್ ಕೂಡ ಹಾಗೇ. ಅಲ್ಲಿ ವ್ಯಾಲ್ಯೂ ಅಂದರೆ ಬೆಲೆ ಕಟ್ಟುವ ಕೆಲಸ. ಅದು ಆಗುವುದಿಲ್ಲ ಅನ್ನುತ್ತದೆ ಆ ಪದ. ನಮ್ಮ ‘ಅಮೂಲ್ಯ’ದಲ್ಲೂ ಮೂಲ್ಯದ ಮುಂದೆ ಒಂದು ‘ಅ’ ಇದೆ. ಅದನ್ನು ಕೇಳಿ ಯಾರೂ ಬೆಲೆಗೆಟ್ಟದ್ದು ಅಂದುಕೊಳ್ಳುವುದಿಲ್ಲ. ಆದರೆ ‘ಅವನ ಮಾತಿಗೆ ಬೆಲೆ ಇಲ್ಲ’ ಅಂದರೆ ಅವನ ಕಥೆ ಮುಗಿಯಿತು.

ಇಷ್ಟಕ್ಕೇ ಇವರು ಯಾಕೆ ಇಷ್ಟು ಸಿಟ್ಟಾಗುತ್ತಾರೆ ಅನ್ನಿಸಬಹುದು. ಕೇಳು. ನನಗಾಗ ಇಪ್ಪತ್ತಾರು ವರ್ಷ. ಒಂದು ಪತ್ರಿಕೆಯಲ್ಲಿ ರಾತ್ರಿ ಪಾಳಿ. ನಿವೃತ್ತ ಮೇಷ್ಟರೊಬ್ಬರು ತೀರಿಕೊಂಡ ಸುದ್ದಿ ಇಂಗ್ಲಿಷಿನಲ್ಲಿ ಬಂತು. ಅವರದು ಇನ್‌ವ್ಯಾಲ್ಯುಯಬಲ್ ಸೇವೆ ಅಂತಿತ್ತು. ನಿದ್ದೆಗಣ್ಣಲ್ಲಿ ‘ಬೆಲೆಯಿಲ್ಲದ ಸೇವೆ’ ಅಂತ ಬರೆದೆ. ಹಾಗೇ ಅಚ್ಚಾಯಿತು. ಮಾರನೇ ದಿನ ಅವರ ಮಗ ಬಂದರು. ತಲೆ ಬೋಳಿಸಿಕೊಂಡಿದ್ದರು. ಪತ್ರಿಕೆಯನ್ನು ಸಣ್ಣಗೆ ಮಡಚಿ ಜೇಬಲ್ಲಿ ಇಟ್ಟುಕೊಂಡಿದ್ದರು. ಬಿಚ್ಚಿ ಮೇಜಿನ ಮೇಲೆ ಹರಡಿ ಆ ಸಾಲಿನ ಮೇಲೆ ಬೆರಳಿಟ್ಟರು. ‘ಮೂವತ್ತು ವರ್ಷ ಪಾಠ ಹೇಳಿದ್ದಾರೆ ನಮ್ಮಪ್ಪ. ಇದನ್ನ ಯಾರು ಬರೆದದ್ದು?’ ಅಂದರು. ನಾನು ಅದೇ ಮೇಜಿನ ಆಚೆ ಕೂತಿದ್ದೆ. ಬಾಯಿ ಬಿಡಲಿಲ್ಲ. ತಿದ್ದುಪಡಿ ಮೂರನೇ ದಿನ ಬಂತು. ಅವರ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಇವತ್ತಿನವರೆಗೂ ಹೋಗಿಲ್ಲ.

ಅವತ್ತಿನಿಂದ ಇಂಥ ಪದ ಕಂಡರೆ ನಿಲ್ಲುತ್ತೇನೆ. ಕಾಗದದ ಮೊದಲಿಗೆ ಬರೆಯುವ ಡಿಯರ್ ನೋಡು. ಪ್ರೀತಿಯೂ ಅದೇ, ದುಬಾರಿಯೂ ಅದೇ. ನೌಕರರ ತುಟ್ಟಿಭತ್ಯೆಗೆ ಇಂಗ್ಲಿಷಿನಲ್ಲಿ ಇರುವುದು ಅದೇ ಡಿಯರ್. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ಸಾನೆಟ್ಟುಗಳಲ್ಲಿ, ಅಂದರೆ ಹದಿನಾಲ್ಕು ಸಾಲಿನ ಕವನಗಳಲ್ಲಿ, 87ನೆಯದರ ಮೊದಲ ಸಾಲು ಈ ಎರಡು ಅರ್ಥವನ್ನೂ ಒಟ್ಟಿಗೆ ಹಿಡಿದಿದೆ. ಚೀಪ್ ಅಂದರೆ ಹಿಂದೆ ಸುಮ್ನೆ ವ್ಯಾಪಾರ. ಲಂಡನ್ನಿನ ಚೀಪ್‌ಸೈಡ್ ಹಳೇ ಪೇಟೆ ಬೀದಿ. ‘ಗುಡ್ ಚೀಪ್’ ಅಂದರೆ ಒಳ್ಳೇ ವ್ಯಾಪಾರ. ಬರಬರುತ್ತಾ ಗುಡ್ ಉದುರಿಹೋಯಿತು, ಚೀಪ್ ಕೀಳಾಯಿತು. ನಮ್ಮ ಅಗ್ಗಕ್ಕೂ ಇದೇ ಗತಿ. ಸಂಸ್ಕೃತದ ಅರ್ಘ ಅಂದರೆ ಬೆಲೆ, ಅದರ ತದ್ಭವ ಅಗ್ಗ. ಅನರ್ಘ್ಯ ರತ್ನದ ಹೊಟ್ಟೆಯಲ್ಲೂ ಅದೇ ಅರ್ಘ ಇದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೊಗಳಿಕೆಯ ಪ್ರೇಸ್, ಬೆಲೆಯ ಪ್ರೈಸ್, ಬಹುಮಾನದ ಪ್ರೈಜ್, ಮೂರೂ ಲ್ಯಾಟಿನ್ನಿನ ಒಂದೇ ಪದದಿಂದ ಬಂದವು. ಆ ಪದದ ಅರ್ಥ ಬೆಲೆ. ಅಪ್ರಿಶಿಯೇಟ್ ಕೂಡ ಅದೇ ಮನೆಯದು. ಅದಕ್ಕೇ ಸೈಟಿನ ಬೆಲೆ ಏರಿದರೂ ಅಪ್ರಿಶಿಯೇಟ್, ಕವನವನ್ನು ಮೆಚ್ಚಿದರೂ ಅಪ್ರಿಶಿಯೇಟ್. ನನ್ನಿಂದ ನಿನಗೆ ಬೇಕಿರುವುದು ಅದೇ. ನಾನು ಕೊಡುವುದಿಲ್ಲ. ನಿನ್ನ ಮುನ್ನುಡಿಯಲ್ಲಿ ಏಳು ಜನರಿಗೆ ಏಳು ಸಲ ‘ಅಮೂಲ್ಯ ಸಲಹೆ’ ಅಂದಿದ್ದೀಯ. ಅಷ್ಟು ಜನರ ಸಲಹೆ ಅಮೂಲ್ಯವಾಗಿದ್ದರೆ ಈ ಉಂಗುರದ ಸಾಲನ್ನು ಒಬ್ಬರಾದರೂ ತೋರಿಸಬೇಕಿತ್ತಲ್ಲ? ಆರು ಕಡೆ ಹೊಡೆದುಹಾಕು. ನಿಜವಾಗಿ ಅನ್ನಿಸಿದವರಿಗೆ ಮಾತ್ರ ಉಳಿಸು.

ನಮ್ಮಮ್ಮ ಓದಿದವಳಲ್ಲ. ಸಂತೆಯಲ್ಲಿ ಹಸು ಕಂಡರೆ ಬೆನ್ನು ಸವರಿ ‘ಇದು ಎಷ್ಟು ಬಾಳುತ್ತೆ?’ ಅಂತ ಕೇಳುತ್ತಿದ್ದಳು. ಬದುಕುವುದಕ್ಕೂ ಬೆಲೆಗೂ ನಮ್ಮಲ್ಲಿ ಒಂದೇ ಮಾತು, ಬಾಳು. ಇಂಗ್ಲಿಷಿನ ವ್ಯಾಲ್ಯೂ ಕೂಡ ಗಟ್ಟಿಯಾಗಿರು, ಆರೋಗ್ಯವಾಗಿರು ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. ಇಂಥ ಮಾತು ಮನೆಯಲ್ಲೇ ಇರುವಾಗ ‘ಬೆಲೆ ಇರಲಿಲ್ಲ’ ಅಂತ ಯಾಕೆ ಬರೆಯುತ್ತೀಯ? ‘ಅಂಗಡಿಯವನ ಲೆಕ್ಕದಲ್ಲಿ ಆ ಉಂಗುರ ಮೂರು ಕಾಸೂ ಬಾಳುತ್ತಿರಲಿಲ್ಲ’ ಅನ್ನು.

ಎರಡನೇ ವಾಕ್ಯ ನಾನು ಬರೆದುಕೊಡುವುದಿಲ್ಲ. ಮುಂದಿನ ಪುಟದಲ್ಲಿ ಆ ಹುಡುಗಿ ಉಂಗುರವನ್ನು ಕೋಟಿನ ಒಳಜೇಬಿಗೆ ಹಾಕಿ, ಜೇಬಿನ ಬಾಯಿಗೆ ಹೊಲಿಗೆ ಹಾಕುತ್ತಾಳೆ. ಆ ಹೊಲಿಗೆಯನ್ನು ಚೆನ್ನಾಗಿ ನೋಡಿಕೊಂಡು ಬರೆ. ಯುಗಾದಿ ಒಳಗೆ ಕಳಿಸು, ಕಾಯುತ್ತಿರುತ್ತೇನೆ.